ಅಂಗಳಕ್ಕೊಂದೇ ಜೋಲುಮರ: ಯಶಸ್ಸಿನ 12 ಸೂತ್ರಗಳು

ಅಕ್ಟೋಬರ್ ಮುಗಿಯುವ ಹೊತ್ತಿಗೆ ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆಯ ಕನ್ನಡಿಗರ ಮನೆಗಳಲ್ಲಿ ಕರಿಬೇವಿನ ಕುಂಡ ಒಳಗೆ ಬರುತ್ತದೆ, ಮಲ್ಲಿಗೆ ಗ್ಯಾರೇಜು ಸೇರುತ್ತದೆ, ಮೇಪಲ್ ಎಲೆ ಉದುರಿಸುತ್ತದೆ. ಅಲ್ಲಿಂದ ಮಾರ್ಚ್‌ವರೆಗೆ ಅಂಗಳ ಬೋಳು. ಆ ಐದು ತಿಂಗಳು ಕಿಟಕಿಯಿಂದ ನೋಡಲು ಏನಾದರೂ ಇರಬೇಕು ಎನ್ನುವವರಿಗೆ ನನ್ನ ಶಿಫಾರಸು ವೀಪಿಂಗ್ ಅಲಾಸ್ಕಾ ಸೀಡರ್. ಇದು ನೂಟ್ಕಾ ಸೈಪ್ರೆಸ್ ಎಂಬ ಮರದ ಇಳಿಗೊಂಬೆಯ ತಳಿ. ಮೂಲ ಮರ ಆ ಸೀಮೆಯದೇ: ಅಲಾಸ್ಕಾದಿಂದ ಉತ್ತರ ಕ್ಯಾಲಿಫೋರ್ನಿಯಾವರೆಗಿನ ತೇವದ ಬೆಟ್ಟಗಳಲ್ಲಿ ತಾನಾಗಿ ಬೆಳೆಯುತ್ತದೆ, ಸಾವಿರ ವರ್ಷ ದಾಟಿ ಬದುಕುತ್ತದೆ. ತೋಟದ ತಳಿಯಲ್ಲಿ ಕಾಂಡ ನೆಟ್ಟಗೆ ಏರುತ್ತದೆ, ಕೊಂಬೆಗಳು ಹೊರಕ್ಕೆ ಬಾಗಿ ತುದಿಯಲ್ಲಿ ತುಸು ಮೇಲೇಳುತ್ತವೆ, ಅವುಗಳಿಂದ ಹಸಿರು ಎಳೆಗಳು ನೇರ ಕೆಳಕ್ಕೆ ಇಳಿಯುತ್ತವೆ. ದೂರದಿಂದ ನೋಡಿದರೆ ಗೊರಬು ಹೊದ್ದು ಮಳೆಯಲ್ಲಿ ನಿಂತ ಆಳಿನ ಹಾಗೆ. ಬೆಳೆಸುವುದು ಕಷ್ಟವೇನಲ್ಲ. ಕೆಡುವುದು ಹೆಚ್ಚಾಗಿ ಜಾಗ ಆರಿಸುವಾಗ, ಇಲ್ಲವೇ ಮೊದಲ ಮೂರು ಬೇಸಿಗೆಯಲ್ಲಿ.

1. ಒಂದೇ ಮರ ನೆಡಿ

ಜೋಡಿ ಬೇಡ, ಸಾಲು ಬೇಡ, ಗೇಟಿನ ಎರಡೂ ಕಡೆಗೊಂದು ಎಂಬ ಸಮತೋಲನವೂ ಬೇಡ. ಇಂಥ ಮರದ ಬೆಲೆಯೆಲ್ಲ ಅದರ ಆಕಾರದಲ್ಲಿದೆ. ಪಕ್ಕದಲ್ಲಿ ಅಂಥದೇ ಇನ್ನೊಂದು ಬಂದರೆ ಎರಡೂ ಸಾಮಾನ್ಯವಾಗಿಬಿಡುತ್ತವೆ. ಅದೇ ಅಂಗಳದಲ್ಲಿ ಇಳಿಗೊಂಬೆಯ ಚೆರ್ರಿ, ಇಳಿಗೊಂಬೆಯ ಮೇಪಲ್ ಈಗಾಗಲೇ ಇದ್ದರೆ ಅವುಗಳಲ್ಲಿ ಯಾವುದಿರಬೇಕೆಂದು ಮೊದಲು ತೀರ್ಮಾನಿಸಿ. ಎಲ್ಲವೂ ಜೋತುಬಿದ್ದ ತೋಟ ನೋಡಲು ಸೂತಕದ ಮನೆಯಂತಿರುತ್ತದೆ.

2. ಮೊದಲು ಕಿಟಕಿ, ಆಮೇಲೆ ನರ್ಸರಿ

ಬಹಳ ಜನ ಗಿಡ ತಂದು, ಅದನ್ನು ಹಿಡಿದುಕೊಂಡು ಅಂಗಳವೆಲ್ಲ ಸುತ್ತುತ್ತಾರೆ. ಕೆಲಸ ತಿರುವುಮುರುವಾಗಬೇಕು. ಚಳಿಗಾಲದಲ್ಲಿ ನೀವು ಅಂಗಳ ನೋಡುವುದು ಎಲ್ಲಿಂದ? ಅಡುಗೆಮನೆಯ ಸಿಂಕ್ ಎದುರಿನ ಕಿಟಕಿಯೋ, ಊಟದ ಮೇಜೋ, ಮನೆಯಿಂದಲೇ ಕೆಲಸ ಮಾಡುವವರ ಕುರ್ಚಿಯೋ? ಆ ಜಾಗದಲ್ಲಿ ಕುಳಿತು ಆರಿಸಿ. ಹೊರಗೆ ಎಂಟು ಹತ್ತು ಅಡಿ ಎತ್ತರದ ಬಿದಿರುಕೋಲು ನಿಲ್ಲಿಸಿ, ಅದರ ತುದಿಗೆ ಹಳೆಯ ಪಂಚೆ ಇಳಿಬಿಟ್ಟು ಕಟ್ಟಿ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಒಳಗಿನಿಂದ ನೋಡಿ. ಎರಡು ದಿನ ಕಳೆದ ಮೇಲೆ ಕೋಲನ್ನು ನಾಲ್ಕಡಿ ಪಕ್ಕಕ್ಕೆ ಸರಿಸಿ ಮತ್ತೆ ನೋಡಿ. ನೆರೆಯವರು ಏನೆಂದುಕೊಂಡಾರು ಎಂಬ ಸಂಕೋಚ ಬೇಡ, ಸರಿಯಾದ ಜಾಗ ತಾನಾಗಿ ಗೊತ್ತಾಗುತ್ತದೆ.

ಹುಲ್ಲುಹಾಸಿನ ನಟ್ಟನಡುವೆ ನೆಡಬೇಡಿ. ತುಸು ಬದಿಗಿರಲಿ, ಕಾಲುದಾರಿಯ ತಿರುವಿನಲ್ಲೋ ನೋಟ ಹೋಗಿ ನಿಲ್ಲುವ ಮೂಲೆಯಲ್ಲೋ ಇರಲಿ. ಹಿನ್ನೆಲೆ ಮುಖ್ಯ. ಕಡುಹಸಿರು ಹೆಮ್‌ಲಾಕ್, ಡಗ್ಲಸ್ ಫರ್‌ಗಳ ಗೋಡೆಯ ಮುಂದೆ ಈ ಕಡುಹಸಿರು ಮರ ಕರಗಿಹೋಗುತ್ತದೆ. ತೆರೆದ ಆಕಾಶ, ತಿಳಿಬಣ್ಣದ ಗೋಡೆ, ಚಳಿಗಾಲದಲ್ಲಿ ಬೋಳಾಗುವ ಮರಗಳು ಹಿಂದಿದ್ದರೆ ಪ್ರತಿ ಎಳೆಯೂ ಕಾಣುತ್ತದೆ. ಬೆಳಕು ಓರೆಯಾಗಿ ಬೀಳುವ ಜಾಗವಾದರೆ ಇನ್ನೂ ಒಳ್ಳೆಯದು.

ಮನೆಯ ಗೋಡೆಯಿಂದ ಕನಿಷ್ಠ ನಾಲ್ಕೈದು ಮೀಟರ್ ದೂರವಿರಲಿ. ತಲೆಯೆತ್ತಿ ನೋಡಿ, ವಿದ್ಯುತ್ ತಂತಿ ಇದ್ದರೆ ಆ ಜಾಗ ಬೇಡ. ನೆಲದಡಿಯ ಪೈಪು, ಕೇಬಲ್ ಗುರುತಿಸಿಕೊಳ್ಳಲು ಅಮೆರಿಕದಲ್ಲಿ ಅಗೆಯುವ ಮೊದಲು 811ಕ್ಕೆ ಕರೆ ಮಾಡಿದರೆ ಬಂದು ಬಣ್ಣ ಹಾಕಿ ಹೋಗುತ್ತಾರೆ. ಸೇವೆ ಉಚಿತ.

3. ಅಗಲ ಕೇಳಿಕೊಂಡು ತಳಿ ಆರಿಸಿ

'ಪೆಂಡುಲಾ' ಎಂಬ ಚೀಟಿ ಇರುವ ಮರ ಕಾಲಕ್ರಮೇಣ 25–35 ಅಡಿ ಎತ್ತರ, ಹತ್ತು ಹನ್ನೆರಡು ಅಡಿ ಅಗಲ ಆಗುತ್ತದೆ. ಅಷ್ಟು ಜಾಗವಿಲ್ಲದವರಿಗೆ 'ಗ್ರೀನ್ ಆ್ಯರೋ' ಇದೆ. ಅದರ ಕೊಂಬೆಗಳು ಕಾಂಡಕ್ಕೇ ಅಂಟಿಕೊಂಡು ಇಳಿಯುವುದರಿಂದ ಮರ ಕಂಬದಷ್ಟೇ ಸಪೂರ. ಟೌನ್‌ಹೌಸ್‌ನ ಮುಂದಿನ ಪಟ್ಟಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ತೋಚುವುದಿಲ್ಲ. 'ಪೆಂಡುಲಾ' ಹೆಸರಿನಲ್ಲೇ ಅಗಲವಾದದ್ದೂ ಸಪೂರವಾದದ್ದೂ ಮಾರಾಟಕ್ಕಿರುತ್ತವೆ, ಆದ್ದರಿಂದ ಚೀಟಿ ನಂಬದೆ ಗಿಡವನ್ನೇ ನೋಡಿ.

ಬೆಳವಣಿಗೆಯ ವೇಗಕ್ಕೆ ಕೋನಿಫರ್, ಅಂದರೆ ಶಂಕುಧಾರಿ ಮರಗಳ ಸಂಘವಾದ ಅಮೆರಿಕನ್ ಕೋನಿಫರ್ ಸೊಸೈಟಿಯ ಲೆಕ್ಕ ತುಂಬ ಉಪಯುಕ್ತ. ವರ್ಷಕ್ಕೆ 1ರಿಂದ 6 ಇಂಚು ಬೆಳೆದರೆ ಕುಬ್ಜ, 6ರಿಂದ 12 ಇಂಚಾದರೆ ಮಧ್ಯಮ, ಅದಕ್ಕೂ ಹೆಚ್ಚಾದರೆ ದೊಡ್ಡದು. ಇದು ವೇಗದ ವರ್ಗೀಕರಣವೇ ಹೊರತು ಕೊನೆಯ ಎತ್ತರದ್ದಲ್ಲ. 'ಕುಬ್ಜ' ಎಂದು ತಂದ ಗಿಡವೂ ಮೂವತ್ತು ವರ್ಷದಲ್ಲಿ ನಿಮ್ಮ ತಲೆ ಮೀರಬಹುದು.

ಎಲ್ಲ ಊರಿಗೂ ನೂಟ್ಕಾ ಹೊಂದುವುದಿಲ್ಲ. ಅದಕ್ಕೆ ತಂಪು, ತೇವ, ನೀರು ಇಂಗಿ ಹರಿದುಹೋಗುವ ಮಣ್ಣು ಬೇಕು. ಮಿನಿಯಾಪೊಲಿಸ್‌ನಂಥ ಕೊರೆಯುವ ಚಳಿಗೆ ಬಿಳಿ ಸ್ಪ್ರೂಸ್‌ನ ಇಳಿಗೊಂಬೆಯ ತಳಿ ಗಟ್ಟಿ. ಕ್ಯಾಲಿಫೋರ್ನಿಯಾದ ಬೇ ಏರಿಯಾದ ಒಣ ಬೇಸಿಗೆಗೆ ಮೊರಾಕೊ, ಆಲ್ಜೀರಿಯಾ ಬೆಟ್ಟಗಳ ನೀಲಿ ಅಟ್ಲಾಸ್ ಸೀಡರ್‌ನ ಜೋಲುತಳಿ ಸರಿ. ನಡುವಿನ ಹವೆಯ ಊರುಗಳಿಗೆ ಸರ್ಬಿಯನ್ ಸ್ಪ್ರೂಸ್: ಜೋಸಿಫ್ ಪಾನ್ಚಿಚ್ ಎಂಬ ಸಸ್ಯವಿಜ್ಞಾನಿ 1875ರಲ್ಲಿ ತಾರಾ ಬೆಟ್ಟದಲ್ಲಿ ಗುರುತಿಸಿದ ಮರ. ಎಲೆಯ ಅಡಿಭಾಗ ಬೆಳ್ಳಿ, ಗಾಳಿಗೆ ಮಗುಚಿದಾಗ ಮರವೇ ಮಿನುಗುತ್ತದೆ.

ಅಟ್ಲಾಸ್ ಸೀಡರ್ ಬಗ್ಗೆ ಒಂದು ಎಚ್ಚರಿಕೆ. ಅದಕ್ಕೆ ತಾನಾಗಿ ಮೇಲೇರುವ ಸ್ವಭಾವವಿಲ್ಲ, ಬಿಟ್ಟರೆ ಅಡ್ಡಕ್ಕೆ ಹರಡುತ್ತದೆ. ಪ್ಯಾರಿಸ್ ಪಕ್ಕದ ಶಾತ್ನೇ-ಮಲಾಬ್ರಿಯ ವಾಲೇ-ಓ-ಲೂ ಅರ್ಬೊರೇಟಮ್ಮಿನಲ್ಲಿ 1895ರ ಸುಮಾರಿಗೆ ನೆಟ್ಟ ಒಂದೇ ಜೋಲು ಅಟ್ಲಾಸ್ ಈಗ ಸುಮಾರು 700 ಚದರ ಮೀಟರ್ ಆವರಿಸಿದೆ. ಬೆಂಗಳೂರಿನ 30×40 ಅಡಿಯ ಸೈಟು ಆರು ಅದರಡಿ ಹಿಡಿಯುತ್ತವೆ.

ನರ್ಸರಿಯವರು ಬೇಲಿಗೆಂದು ಲೇಲ್ಯಾಂಡ್ ಸೈಪ್ರೆಸ್ ತೋರಿಸಿದರೆ ಮುಂದೆ ನಡೆಯಿರಿ. ಅದು ನೂಟ್ಕಾ ಮತ್ತು ಮಾಂಟೆರಿ ಸೈಪ್ರೆಸ್‌ಗಳ ಮಿಶ್ರತಳಿ, 1888ರಲ್ಲಿ ವೇಲ್ಸ್‌ನ ಲೇಟನ್ ಹಾಲ್ ತೋಟದಲ್ಲಿ ಹುಟ್ಟಿದ್ದು. ಅದರ ಬೆಳವಣಿಗೆಯ ವೇಗಕ್ಕೆ ನೆರೆಹೊರೆಯ ಜಗಳ ಎಷ್ಟು ಹೆಚ್ಚಿತೆಂದರೆ ಬ್ರಿಟನ್ 2003ರಲ್ಲಿ ಎತ್ತರದ ಬೇಲಿಗಳ ಬಗ್ಗೆ ಕಾನೂನಿನಲ್ಲೇ ಒಂದು ಭಾಗ ಸೇರಿಸಬೇಕಾಯಿತು.

4. ಕೊಳ್ಳುವಾಗ ತಲೆಗಿಂತ ಬುಡ ನೋಡಿ

ಎತ್ತರದ ಗಿಡಕ್ಕೆ ಆಸೆಪಡಬೇಡಿ. ಎಂಟಡಿಯ ಗಿಡ ಹೊಸ ಮಣ್ಣಿಗೆ ಒಗ್ಗುವಷ್ಟರಲ್ಲಿ ನಾಲ್ಕಡಿಯದು ಅದನ್ನು ಹಿಡಿದಿರುತ್ತದೆ, ಜೇಬಿಗೂ ಹಗುರ. ಕುಂಡದಿಂದ ಹೊರಗೆಳೆದು ತೋರಿಸಲು ಕೇಳಿ. ಬೇರು ಕುಂಡದ ಒಳಗೋಡೆಗೆ ಸುರುಳಿ ಸುತ್ತಿಕೊಂಡಿದ್ದರೆ ಬೇಡವೆನ್ನಿ.

ಈ ತಳಿಗಳನ್ನು ಬೇರೊಂದು ಜಾತಿಯ ಬೇರಿಗೆ ಕಸಿ ಕಟ್ಟಿ ಬೆಳೆಸುವುದು ರೂಢಿ. ಬುಡದಿಂದ ಒಂದು ಗೇಣಿನೊಳಗೆ ಕಸಿಯ ಗಂಟು ಕಾಣುತ್ತದೆ. ಅದರ ಕೆಳಗಿನಿಂದ ಬೇರೆ ತರದ ಚಿಗುರು ಎದ್ದರೆ ಕೂಡಲೇ ಚಿವುಟಿ.

ಚೀಟಿಯಲ್ಲಿ ಸಸ್ಯಶಾಸ್ತ್ರೀಯ ಹೆಸರು ಕಮೀಸಿಪ್ಯಾರಿಸ್ ಎಂದೋ, ಕ್ಯುಪ್ರೆಸಸ್ ಎಂದೋ, ಕ್ಯಾಲಿಟ್ರಾಪ್ಸಿಸ್ ಎಂದೋ, ಕ್ಸಾಂಥೊಸಿಪ್ಯಾರಿಸ್ ಎಂದೋ ಇದ್ದೀತು. ಗಾಬರಿ ಬೇಡ, ಮುಂದೆ 'ನೂಟ್ಕಾಟೆನ್ಸಿಸ್' ಎಂದಿದ್ದರೆ ಮರ ಒಂದೇ. ಅನುಮಾನವಿದ್ದರೆ ಒಂದು ಎಳೆಯನ್ನು ತುದಿಯಿಂದ ಹಿಂದಕ್ಕೆ ಸವರಿ. ನೂಟ್ಕಾ ಆದರೆ ಬೆರಳಿಗೆ ಚುಚ್ಚುತ್ತದೆ. ಅಲ್ಲಿನ ಇನ್ನೊಂದು ಮರ ವೆಸ್ಟರ್ನ್ ರೆಡ್ ಸೀಡರ್ ಹಾಗೆ ಚುಚ್ಚುವುದಿಲ್ಲ, ಅದರ ಎಲೆ ತಿಕ್ಕಿದರೆ ಅನಾನಸಿನ ಪರಿಮಳ. ನೂಟ್ಕಾದ ಎಲೆ ತಿಕ್ಕಿದರೆ ಅಷ್ಟು ಹಿತವಲ್ಲದ ಘಾಟು ಬರುತ್ತದೆ. ಹಾಗಾಗಿ ಜಗಲಿಯ ಪಕ್ಕಕ್ಕೇ ನೆಡುವುದು ಬೇಡ.

ಕೊಳ್ಳುವ ಮುನ್ನ ಬೆಳೆದ ಮರವನ್ನು ಒಮ್ಮೆ ನೋಡಿ ಬನ್ನಿ. ಸಿಯಾಟಲ್‌ನವರಿಗೆ ವಾಷಿಂಗ್ಟನ್ ಪಾರ್ಕ್ ಅರ್ಬೊರೇಟಮ್ ಹತ್ತಿರ. ಒರೆಗಾನಿನವರಿಗೆ ಸಿಲ್ವರ್ಟನ್‌ನ ಒರೆಗಾನ್ ಗಾರ್ಡನ್ನಿನಲ್ಲಿ ಕೋನಿಫರ್‌ಗಳದೇ ಒಂದು ತೋಟವಿದೆ.

5. ಮೃಗಶಿರಾ ಮಳೆಯ ಲೆಕ್ಕ ಇಲ್ಲಿ ಬಿಡಿ

ಊರಲ್ಲಿ ಮೃಗಶಿರಾ ಹಿಡಿದರೆ ಕೈಗೆ ಗುದ್ದಲಿ ಬರುತ್ತದೆ, ಜೂನ್ ಎಂದರೆ ಗಿಡ ನೆಡುವ ತಿಂಗಳು ಎಂಬುದು ನಮ್ಮೊಳಗೆ ಕೂತುಬಿಟ್ಟಿದೆ. ವಾಯವ್ಯ ಅಮೆರಿಕದ ಕರಾವಳಿಯಲ್ಲಿ ಪಂಚಾಂಗ ತಲೆಕೆಳಗು. ಅಲ್ಲಿ ಜುಲೈ, ಆಗಸ್ಟ್‌ನಲ್ಲಿ ಮಳೆ ನಾಮಮಾತ್ರ. ಜಡಿಮಳೆ ಹಿಡಿಯುವುದು ಅಕ್ಟೋಬರ್ ನಂತರ. ಜೂನ್‌ನಲ್ಲಿ ನೆಟ್ಟ ಗಿಡ ಬೇರು ಬಿಡುವ ಮೊದಲೇ ಒಣಗಾಲಕ್ಕೆ ಸಿಕ್ಕಿಕೊಳ್ಳುತ್ತದೆ.

ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಆರಂಭದವರೆಗೆ, ಅಂದರೆ ನವರಾತ್ರಿಯಿಂದ ದೀಪಾವಳಿಯೊಳಗೆ ನೆಡಿ. ಮೇಲೆ ಚಳಿಯಿದ್ದರೂ ಮಣ್ಣಿನೊಳಗೆ ಬೇಸಿಗೆಯ ಕಾವು ಉಳಿದಿರುತ್ತದೆ, ಬೇರು ಸದ್ದಿಲ್ಲದೆ ಹರಡುತ್ತದೆ. ಶಿಕಾಗೊದಂಥ ಕಡೆ ನೆಲ ಹೆಪ್ಪುಗಟ್ಟಿ ಒಣಗಾಳಿ ಬೀಸುವುದರಿಂದ ತಡವಾಗಿ ನೆಡುವುದು ಅಪಾಯ. ಅಲ್ಲಿಗೆ ವಸಂತವೇ ಸರಿ.

6. ಗುಂಡಿ ಅಗಲವಿರಲಿ, ಆಳ ಬೇಡ

ಬೇರುಗಡ್ಡೆಯ ಎರಡು ಮೂರು ಪಟ್ಟು ಅಗಲ, ಆಳ ಮಾತ್ರ ಅದರಷ್ಟೇ. ಕಾಂಡ ಅಗಲಗೊಂಡು ಬೇರಾಗುವ ಜಾಗ ನೆಲಮಟ್ಟದಲ್ಲಿ ಕಾಣುತ್ತಿರಬೇಕು. ಅದನ್ನು ಹೂಳುವುದು ಮರವನ್ನು ನಿಧಾನವಾಗಿ ಉಸಿರುಗಟ್ಟಿಸಿದಂತೆ, ಐದಾರು ವರ್ಷದ ನಂತರ ಕಾರಣ ತಿಳಿಯದೆ ಸೊರಗುತ್ತದೆ.

ಗುಂಡಿಗೆ ಗೊಬ್ಬರ, ಕಾಂಪೋಸ್ಟು, ಕೊಂಡ ಮಣ್ಣು ತುಂಬುವ ನಮ್ಮ ಅಭ್ಯಾಸವನ್ನೂ ಬಿಡಬೇಕು. ತೋಟಗಾರಿಕೆಯ ತಪ್ಪುನಂಬಿಕೆಗಳ ಮೇಲೆ ಬಹಳ ಬರೆದಿರುವ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಲಿಂಡಾ ಚಾಕರ್-ಸ್ಕಾಟ್ ಅವರ ಸಲಹೆಯೂ ಇದೇ: ಅಗೆದ ಮಣ್ಣನ್ನೇ ಮರಳಿ ತುಂಬಿ. ಕಾರಣ ಸರಳ. ಗುಂಡಿಯೊಳಗೆ ಮೃದು ಮಣ್ಣಿದ್ದರೆ ಬೇರು ಅಲ್ಲೇ ಸುತ್ತುತ್ತದೆ, ಹೊರಗಿನ ಗಟ್ಟಿ ನೆಲಕ್ಕೆ ದಾಟುವುದಿಲ್ಲ. ಎರಡು ಬಗೆಯ ಮಣ್ಣು ಸೇರುವ ಅಂಚಿನಲ್ಲಿ ನೀರಿನ ಹರಿವೂ ತಡೆಯುತ್ತದೆ, ಮಳೆಗಾಲದಲ್ಲಿ ಗುಂಡಿ ತೊಟ್ಟಿಯಾಗುತ್ತದೆ. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬೇರಿನ ನರ್ಸರಿ ಮಣ್ಣನ್ನು ತೊಳೆದು, ಸುತ್ತಿಕೊಂಡ ಬೇರು ಕತ್ತರಿಸಿ, ಬಿಡಿಸಿ ನೆಡಲು ಹೇಳುತ್ತಾರೆ. ಮೊದಲ ಸಲ ನೋಡಿದವರಿಗೆ ಎದೆ ಝಲ್ಲೆನ್ನುವ ಕೆಲಸ, ಆದರೆ ಚಿಕ್ಕ ಗಿಡಕ್ಕೆ ಚಳಿಗಾಲದ ಮುಂಚೆ ಮಾಡಿದರೆ ಫಲ ಒಳ್ಳೆಯದು.

ಗೋಣಿ ಸುತ್ತಿದ ಗಿಡವಾದರೆ ಗುಂಡಿಗಿಳಿಸಿದ ಮೇಲೆ ಗೋಣಿ, ಹುರಿ, ತಂತಿಬುಟ್ಟಿ ಎಲ್ಲ ತೆಗೆಯಿರಿ. ಗೋಣಿ ಕೊಳೆಯುತ್ತದೆ ಎಂದು ಮಾರುವವರು ಹೇಳಿದರೂ ತೆಗೆಯಿರಿ.

7. ಸುಳಿಗೆ ಆಸರೆ ಕೊಡಿ, ಕಾಂಡಕ್ಕಲ್ಲ

ಜೋಲುಮರದ ಎತ್ತರ ನಿರ್ಧಾರವಾಗುವುದು ಅದರ ಸುಳಿಯಿಂದ. ನೂಟ್ಕಾದ ಸುಳಿ ತುದಿಯಲ್ಲಿ ಬಾಗಿಕೊಂಡೇ ಏರುತ್ತದೆ, ಕಳೆದ ವರ್ಷ ಬಾಗಿದ್ದು ಈ ವರ್ಷ ಗಟ್ಟಿಯಾಗಿ ನೆಟ್ಟಗಾಗುತ್ತದೆ. ಇದನ್ನರಿಯದೆ ಬಾಗಿದ ತುದಿಯನ್ನು ರೋಗವೆಂದು ಕತ್ತರಿಸುವವರಿದ್ದಾರೆ. ಸುಳಿ ತೀರಾ ಪಕ್ಕಕ್ಕೆ ಮಲಗಿದ್ದರೆ ಮಾತ್ರ ಸಪೂರ ಬಿದಿರುಕೋಲಿಗೆ ಹತ್ತಿಬಟ್ಟೆಯ ಪಟ್ಟಿಯಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಆರು ತಿಂಗಳಿಗೊಮ್ಮೆ ಬಿಚ್ಚಿ ಕಟ್ಟಿ, ಇಲ್ಲದಿದ್ದರೆ ಕಟ್ಟು ತೊಗಟೆಯೊಳಗೆ ಇಳಿಯುತ್ತದೆ. ಪ್ಲಾಸ್ಟಿಕ್ ದಾರ, ತಂತಿ ಬೇಡ.

ಅಟ್ಲಾಸ್ ತಳಿಗೆ ಲೆಕ್ಕ ಬೇರೆ. ಬೇಕಾದ ಎತ್ತರ ಮುಟ್ಟುವವರೆಗೂ ಅದಕ್ಕೆ ಗಟ್ಟಿ ಗೂಟ ಬೇಕೇ ಬೇಕು.

8. ಮೂರು ಬೇಸಿಗೆ ನೀರಿನ ಜವಾಬ್ದಾರಿ ನಿಮ್ಮದು

2021ರ ಜೂನ್ 28ರಂದು ಪೋರ್ಟ್‌ಲ್ಯಾಂಡಿನಲ್ಲಿ ಉಷ್ಣಾಂಶ 46.7 ಡಿಗ್ರಿ ಮುಟ್ಟಿತು. ರಾಯಚೂರಿನವರೂ ಬೆಚ್ಚಬೇಕಾದ ಬಿಸಿಲು. ಆ ವಾರ ದಕ್ಷಿಣಕ್ಕೂ ಪಶ್ಚಿಮಕ್ಕೂ ಒಡ್ಡಿಕೊಂಡ ಮರಗಳ ಒಂದು ಮಗ್ಗುಲು ಮಾತ್ರ ಬೆಂಕಿ ಸವರಿದಂತೆ ಕೆಂಪಾಯಿತು. ಅಂಥ ಬೇಸಿಗೆ ಮತ್ತೆ ಬರುವುದಿಲ್ಲವೆಂದು ನೆಡಬೇಡಿ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಬೀಳುವ ಜಾಗವೇ ಕ್ಷೇಮ.

ದಿನಾ ಪೈಪು ಹಿಡಿದು ಚಿಮುಕಿಸುವುದು ಉಪಕಾರವಲ್ಲ, ಬೇರು ಮೇಲ್ಪದರದಲ್ಲೇ ನಿಲ್ಲುತ್ತದೆ. ವಾರಕ್ಕೊಮ್ಮೆ, ಸುಡುಬಿಸಿಲಲ್ಲಿ ಎರಡು ಬಾರಿ, ನಿಧಾನವಾಗಿ ಆಳಕ್ಕೆ ಇಳಿಯುವಂತೆ ಕೊಡಿ. ಇಲ್ಲೊಂದು ಮೋಸವಿದೆ. ನರ್ಸರಿಯ ಕುಂಡದಲ್ಲಿರುವುದು ಹೆಚ್ಚಾಗಿ ಮರದ ತೊಗಟೆಯ ಚೂರು, ಅದು ಸುತ್ತಲಿನ ಮಣ್ಣಿಗಿಂತ ಬೇಗ ಒಣಗುತ್ತದೆ. ಪಾತಿಯ ಮಣ್ಣು ಒದ್ದೆಯಿದ್ದರೂ ಬೇರುಗಡ್ಡೆ ಒಳಗೆ ಒಣಗಿರಬಹುದು. ಉದ್ದ ಸ್ಕ್ರೂಡ್ರೈವರನ್ನು ಕಾಂಡದಿಂದ ಒಂದು ಗೇಣು ದೂರದಲ್ಲಿ ಚುಚ್ಚಿ. ಸಲೀಸಾಗಿ ಇಳಿದು ಲೋಹದ ಮೇಲೆ ತೇವದ ಮಣ್ಣು ಅಂಟಿಬಂದರೆ ಸರಿ, ಅರ್ಧಕ್ಕೆ ನಿಂತು ಪುಡಿ ಉದುರಿದರೆ ನೀರು ಬಿಡಿ. ಜೌಗು ನೆಲ ಮಾತ್ರ ತೋಟದ ಈ ತಳಿಗೆ ಹಿಡಿಸುವುದಿಲ್ಲ. ನೀರು ನಿಲ್ಲುವ ಜಾಗವಾದರೆ ಒಂದಡಿ ಎತ್ತರದ ಅಗಲ ದಿಬ್ಬ ಮಾಡಿ ಅದರ ಮೇಲೆ ನೆಡಿ.

9. ಬೇರಿಗೆ ಹೊದಿಕೆ ಹಾಸಿ

ಇದನ್ನು ಕಾಡಿನಿಂದ ಕಲಿಯಬೇಕು. ಆಗ್ನೇಯ ಅಲಾಸ್ಕಾದಲ್ಲಿ 2 ಲಕ್ಷ ಹೆಕ್ಟೇರಿಗೂ ಹೆಚ್ಚು ಪ್ರದೇಶದಲ್ಲಿ ಇದೇ ಜಾತಿಯ ಮರಗಳು ನಿಂತಲ್ಲೇ ಸತ್ತಿವೆ. ಕೀಟವೋ ಶಿಲೀಂಧ್ರವೋ ಎಂದು ದಶಕಗಳ ಕಾಲ ಹುಡುಕಿದ ಅರಣ್ಯ ವಿಜ್ಞಾನಿಗಳಿಗೆ ಕೊನೆಗೆ ಸಿಕ್ಕ ಕಾರಣ, ಹಿಮ ಕಡಿಮೆಯಾದದ್ದು. ಈ ಮರದ ಸಣ್ಣ ಬೇರುಗಳು ಮೇಲ್ಪದರದಲ್ಲೇ ಇರುತ್ತವೆ. ನೆಲದ ಮೇಲೆ ಹಿಮದ ದಪ್ಪ ಹೊದಿಕೆ ಇದ್ದಷ್ಟು ಕಾಲ ಅವು ಬೆಚ್ಚಗಿದ್ದವು. ಹವೆ ಬಿಸಿಯಾಗಿ ಹೊದಿಕೆ ಬೇಗ ಕರಗಿದ ಮೇಲೆ ಚಳಿಗಾಲದ ಕೊನೆಯ ಒಂದು ಕೊರೆತಕ್ಕೆ ಬೇರು ಹೆಪ್ಪುಗಟ್ಟಿ ಸಾಯುತ್ತದೆ.

ಅಂಗಳದಲ್ಲಿ ಆ ಹಿಮದ ಕೆಲಸವನ್ನು ಮರದ ಚಕ್ಕೆ ಮಾಡುತ್ತದೆ. ಮೂರು ಇಂಚು ದಪ್ಪ, ಕೊಂಬೆ ಚಾಚಿದಷ್ಟು ಅಗಲ. ಕಾಂಡಕ್ಕೆ ಮಾತ್ರ ತಾಗದಂತೆ ಒಂದು ಅಂಗೈ ಅಗಲ ಬಿಡಿ. ಬುಡದವರೆಗೆ ಹುಲ್ಲು ಬರಲು ಬಿಡಬೇಡಿ: ಹುಲ್ಲು ನೀರು ಕಸಿಯುತ್ತದೆ, ಹುಲ್ಲು ಕತ್ತರಿಸುವ ಯಂತ್ರ ತೊಗಟೆ ಕೀಳುತ್ತದೆ. ಅಡಿಗೆ ಏನಾದರೂ ಬೇಕೇ ಬೇಕೆಂದರೆ ಅಲ್ಲಿನ ಸ್ವೋರ್ಡ್ ಫರ್ನ್‌ನಂಥ ಮೋಟು ಗಿಡ ಸಾಕು. ಬಣ್ಣದ ಗೊಂಬೆ, ಕಾರಂಜಿ, ಹೂವಿನ ಮಡಿ ಯಾವುದೂ ಅದರ ಕಾಲಬುಡದಲ್ಲಿ ಬೇಡ.

10. ಕತ್ತರಿ ಡಬ್ಬಿಯಲ್ಲೇ ಇರಲಿ

ಕ್ರೋಟನ್, ದಾಸವಾಳ ಸವರಿದ ಕೈಗೆ ಇದು ಕಷ್ಟ. ಅವು ಎಲ್ಲಿ ಕತ್ತರಿಸಿದರೂ ಚಿಗುರುತ್ತವೆ. ಕೋನಿಫರ್‌ಗಳಲ್ಲಿ ಹೆಚ್ಚಿನವು ಎಲೆಯಿಲ್ಲದ ಹಳೆಯ ಕಟ್ಟಿಗೆಯಿಂದ ಮತ್ತೆ ಚಿಗುರುವುದಿಲ್ಲ, ಯೂ ಮರದಂಥ ಕೆಲವನ್ನು ಬಿಟ್ಟರೆ. ಒಮ್ಮೆ ಬೋಳಾದ ಕೊಂಬೆ ಶಾಶ್ವತವಾಗಿ ಬೋಳು. ಒಣಗಿದ್ದು, ಮುರಿದದ್ದು, ಸುಳಿಗೆ ಪೈಪೋಟಿಗಿಳಿದ ಎರಡನೆಯ ಸುಳಿ, ಇಷ್ಟನ್ನೇ ತೆಗೆಯಿರಿ. ಕೆಳಗಿನ ಕೊಂಬೆ ನೆಲ ಮುಟ್ಟಿದರೆ ಮುಟ್ಟಲಿ. ಅದನ್ನು ಸವರಿ ಕಾಂಡ ತೋರಿಸಿದರೆ ಚಡ್ಡಿ ಹಾಕಿದ ಮರದಂತಾಗುತ್ತದೆ.

11. ಕಂದು ಬಣ್ಣ ಎಲ್ಲಿದೆ ನೋಡಿ

ಶರತ್ಕಾಲದಲ್ಲಿ ಮರದ ಒಳಭಾಗದ, ಕಾಂಡಕ್ಕೆ ಹತ್ತಿರದ ಎಳೆಗಳು ಕಂದಾಗಿ ಉದುರುತ್ತವೆ. ನಿತ್ಯಹಸಿರು ಮರವೂ ಹಳೆ ಎಲೆ ಬಿಡುತ್ತದೆ, ಅಷ್ಟೇ. ತುದಿಗಳು ಕಂದಾದರೆ ನೀರಿನ ತೊಂದರೆ, ಕಡಿಮೆಯೋ ಹೆಚ್ಚೋ ಸ್ಕ್ರೂಡ್ರೈವರ್ ಹೇಳುತ್ತದೆ. ಒಣ ಸೆಖೆಯಲ್ಲಿ ಎಲೆ ಧೂಳು ಹಿಡಿದಂತೆ ಮಂಕಾದರೆ ಬಿಳಿ ಹಾಳೆಯ ಮೇಲೆ ಒಂದು ಎಳೆ ಕೊಡವಿ. ಬಿದ್ದ ಚುಕ್ಕೆಗಳು ನಡೆದಾಡಿದರೆ ಅದು ಜೇಡನುಸಿ. ಔಷಧಿಗೆ ಓಡುವ ಮುನ್ನ ಬೆಳಗಿನ ಹೊತ್ತು ಜೋರು ನೀರಿನಿಂದ ತೊಳೆಯಿರಿ. ಜಿಂಕೆ ತಿರುಗುವ ಬಡಾವಣೆಯಾದರೆ ಎಳೆ ಗಿಡಕ್ಕೆ ತಂತಿಬಲೆ ಕಟ್ಟಿ. ಹಿಮ ಕೂತರೆ ಬಡಿಯಬೇಡಿ, ಪೊರಕೆಯಿಂದ ಕೆಳಗಿನಿಂದ ಮೇಲಕ್ಕೆ ಎತ್ತಿ. ಬಹುಮಟ್ಟಿಗೆ ಮರವೇ ಜಾರಿಸಿಕೊಳ್ಳುತ್ತದೆ. ದೀಪಾವಳಿಗೆ ಸರದೀಪ ಸುತ್ತುವ ಆಸೆ ಸಹಜ, ಆದರೆ ಸುತ್ತಿದರೆ ಇಳಿದ ಎಳೆಗಳೆಲ್ಲ ಕಟ್ಟುಬೀಳುತ್ತವೆ. ನೆಲದಿಂದ ಮೇಲಕ್ಕೆ ಬೆಳಕು ಬಿಡುವ ಒಂದೇ ದೀಪ ಇಟ್ಟು ನೋಡಿ.

12. ಊರಲ್ಲೂ ಒಂದು ಬೇಕೆಂದರೆ ಕಾಶ್ಮೀರ ಸೈಪ್ರೆಸ್

ನೂಟ್ಕಾವನ್ನು ಕರ್ನಾಟಕಕ್ಕೆ ತರುವ ಯೋಚನೆ ಬೇಡ, ಅದಕ್ಕೆ ನಿಜವಾದ ಚಳಿಗಾಲ ಬೇಕು. ನಮ್ಮ ಕಡೆಗೆ ಹತ್ತಿರದ ನೆಂಟ ಕಾಶ್ಮೀರ ಸೈಪ್ರೆಸ್: ನೀಲಿ ಬೂದಿ ಬಣ್ಣ, ಜಡೆ ಇಳಿಬಿಟ್ಟಂಥ ಎಳೆ. ಹೆಸರಿನಲ್ಲಿ ಕಾಶ್ಮೀರವಿದ್ದರೂ ಅದರ ಕಾಡು ಭೂತಾನ್ ಮತ್ತು ಅರುಣಾಚಲ ಪ್ರದೇಶ. ಭೂತಾನಿಗೆ ಅದು ರಾಷ್ಟ್ರವೃಕ್ಷ, ಅಲ್ಲಿ ಮಠಗಳ, ಜೊಂಗ್ ಎಂಬ ಕೋಟೆಗಳ ಬಳಿ ನೆಟ್ಟು ಬೆಳೆಸುತ್ತಾರೆ. ಒಳ್ಳೆಯ ಮಳೆ, ಮೃದು ಚಳಿ, ಎತ್ತರದ ನೆಲ ಅದಕ್ಕೆ ಇಷ್ಟ. ಊಟಿಯಲ್ಲಿ ಮನೆಯಿರುವವರು, ಕೊಡಗು, ಚಿಕ್ಕಮಗಳೂರಿನ ಎತ್ತರದ ತೋಟದವರು ಪ್ರಯತ್ನಿಸಬಹುದು. ಬೆಂಗಳೂರಿನ ಸೈಟಿನಲ್ಲಿ ನಾನಾದರೆ ನೆಡುವುದಿಲ್ಲ. ಇಲ್ಲಿನ ನರ್ಸರಿಗಳಲ್ಲಿ ಜೋಲುಮರ ಕೇಳಿದರೆ ಕಾಂಪೌಂಡಿನುದ್ದಕ್ಕೂ ನೆಡುವ ಮಾಸ್ಟ್ ಟ್ರೀ ಎತ್ತಿಕೊಡುತ್ತಾರೆ. ಅದು ಕೋನಿಫರ್ ಅಲ್ಲ, ಸೀತಾಫಲದ ಕುಟುಂಬದ್ದು.

ಇಟಲಿಯ ಮಜ್ಜೋರೆ ಸರೋವರದ ಈಸೋಲಾ ಮಾದ್ರೆ ದ್ವೀಪದಲ್ಲಿ, ಬೊರೊಮೆಯೊ ಅರಮನೆಯ ಮುಂದಿನ ಅಂಗಳವನ್ನೆಲ್ಲ ಇಂಥದೊಂದು ಮರಕ್ಕೇ ಬಿಟ್ಟುಕೊಟ್ಟಿದ್ದಾರೆ. 1862ರಲ್ಲಿ ಹಿಮಾಲಯದಿಂದ ಬಂದ ಬೀಜದ್ದು. 2006ರ ಜೂನ್‌ನಲ್ಲಿ ಸುಂಟರಗಾಳಿಗೆ ಬುಡಮೇಲಾಗಿ ಬಿತ್ತು. ಕಡಿದು ಸಾಗಿಸುವ ಬದಲು ಕ್ರೇನ್ ತಂದು ಎತ್ತಿ ನಿಲ್ಲಿಸಿದರು, ಉಕ್ಕಿನ ಹಗ್ಗ ಬಿಗಿದರು, ಮರ ಬದುಕಿಕೊಂಡಿತು. ಎಲ್ಲರಿಗೂ ಕ್ರೇನ್ ಸಿಗದು, ಹಾಗಾಗಿ ಮಲೆನಾಡಿನ ಆಷಾಢದ ಗಾಳಿಗೆ ಎದುರಾಗಿ ನೆಡದೆ ಗುಡ್ಡದ ಮರೆಯಲ್ಲಿ ನೆಡಿ. ಮೊದಲ ಎರಡು ಮಳೆಗಾಲ ಗೂಟವಿರಲಿ, ಮೂರನೆಯದಕ್ಕೆ ಮುಂಚೆ ಕಿತ್ತುಬಿಡಿ. ಗಾಳಿಗೆ ಅಲುಗಾಡಿದ ಕಾಂಡವೇ ದಪ್ಪಗಾಗುವುದು.